ಸಂಕಟದ ಮಾತ್ರೆ

ಸೊಸೆಗೆ ಈ ಊರಿನ ಭಾಷೆ ಅಂಗಡಿಯ ಮಟ್ಟಿಗಷ್ಟೇ ಬರುತ್ತಿತ್ತು. ಬಟ್ಟೆ ರಿಪೇರಿ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಉದ್ದ, ಗಿಡ್ಡ, ಬಿಗಿ, ಸಡಿಲ, ಜಿಪ್ ಹೋಗಿದೆ, ನಾಳೆ ಬನ್ನಿ, ಒಗೆದ ಮೇಲೆ ವಾಪಸ್ ತಗೊಳ್ಳಲ್ಲ ಎಂಬಷ್ಟನ್ನು ಅವಳು ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಿದ್ದಳು. ಅದರಾಚೆ ಯಾರಾದರೂ ಮಾತು ಬೆಳೆಸಿದರೆ ನಕ್ಕು ತಲೆಯಾಡಿಸಿ ಪಾರಾಗುವುದು ಅವಳ ಪದ್ಧತಿ. ಬಸ್ ಓಡಿಸುವ ಗಂಡನಿಗೆ ಭಾಷೆ ಚೆನ್ನಾಗಿ ಬರುತ್ತಿತ್ತು. ಇಲ್ಲೇ ಹುಟ್ಟಿ ಬೆಳೆದ ಮಗಳಿಗಂತೂ ಅದೇ ಮೊದಲ ಭಾಷೆ, ಕನ್ನಡವೇನಿದ್ದರೂ ಮನೆಯೊಳಗಿನ ಮಾತು. ಒಂದಕ್ಷರವೂ ಬರದಿದ್ದವರೆಂದರೆ ಅತ್ತೆ. ಮಾವ ತೀರಿಕೊಂಡ ಮೇಲೆ ಮಗನ ಮನೆ ಸೇರಿದ ಅವರು ಇಷ್ಟು ವರ್ಷವಾದರೂ ಹೊಸ ಭಾಷೆಯನ್ನು ಹೊಸಿಲ ಒಳಗೆ ಬಿಟ್ಟುಕೊಂಡಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಕೊಟ್ಟರೆ ಕನ್ನಡದಲ್ಲೇ, "ನಿನ್ನ ಹೊಟ್ಟೆ ತಣ್ಣಗಿರಲಿ" ಅನ್ನುತ್ತಿದ್ದರು. ಕೊಟ್ಟವರು ನಗುತ್ತಿದ್ದರು, ವ್ಯವಹಾರ ಅಲ್ಲಿಗೆ ಮುಗಿಯುತ್ತಿತ್ತು.

ಕಾಯಿಲೆಯ ವ್ಯವಹಾರ ಮಾತ್ರ ಹಾಗೆ ಮುಗಿಯುವಂಥದ್ದಲ್ಲ. ಅತ್ತೆಗೆ ಹಳೆಯ ಸಕ್ಕರೆ ಕಾಯಿಲೆ, ಅದರ ಹಿಂದೆಯೇ ಕಿಡ್ನಿಯೂ ಸೋಲುತ್ತಾ ಬಂದಿತ್ತು. ಉಪ್ಪು ಕಡಿಮೆ, ನೀರು ಅಳತೆ, ಪಾದಗಳನ್ನು ದಿನವೂ ನೋಡಬೇಕು. ಸಂಜೆ ಅಂಗಡಿಯಿಂದ ಬಂದ ಸೊಸೆ ಕೈಚೀಲ ಕೆಳಗಿಟ್ಟವಳೇ ಅತ್ತೆಯ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು, ಎಲ್ಲಾದರೂ ಗಾಯ ಎದ್ದಿದೆಯೇ ಎಂದು ಬೆರಳ ಸಂದಿಗಳನ್ನು ನೋಡುತ್ತಿದ್ದಳು. ಅದೇ ಹೊತ್ತಿಗೆ ಅವರಿಬ್ಬರ ಜಗಳದ ಹೊತ್ತೂ ಆಗಿರುತ್ತಿತ್ತು. ಟೀವಿಯ ಸದ್ದು ಜೋರಾಯಿತೆಂದು ಇವಳು, ಬಟ್ಟೆ ಒಣಗುವ ಮೊದಲೇ ಮಡಿಸಿಟ್ಟೆಯೆಂದು ಅವರು. ಕೂಗಾಟವಿಲ್ಲ, ಕಣ್ಣೀರಿಲ್ಲ. ಆ ಜಗಳಕ್ಕೆ ಒಂದು ಹದವಿತ್ತು, ಒಂದು ದಿನ ತಪ್ಪಿದರೆ ಇಬ್ಬರಿಗೂ ಏನೋ ಕಳೆದುಕೊಂಡ ಹಾಗಾಗುತ್ತಿತ್ತು.

ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವನು ಗಂಡ. ಅವನ ಪಾಳಿ ಬದಲಾದಾಗ ಆ ಕೆಲಸ ಮಗಳ ಪಾಲಿಗೆ ಬಂತು. ಶಾಲೆಯ ಕೊನೆಯ ವರ್ಷದಲ್ಲಿದ್ದ ಅವಳನ್ನು ಅಜ್ಜಿ ಕರೆಯುತ್ತಿದ್ದುದು ಗಿಣಿ ಎಂದು. ಎರಡು ಭಾಷೆಯಲ್ಲೂ ಪಟಪಟ ಮಾತಾಡುವ ಹುಡುಗಿ, ಅವಳು ಜೊತೆಗಿದ್ದರೆ ಇನ್ನೇನು ಬೇಕು ಎಂದುಕೊಂಡರು ಎಲ್ಲರೂ.

ಮೊದಲ ಸಲ ಹೋಗಿ ಬಂದ ದಿನವೇ ಗಿಣಿ ತಾಯಿಯನ್ನು ಬಟ್ಟೆ ಒಣಗಿಸುವ ಬಾಲ್ಕನಿಗೆ ಎಳೆದುಕೊಂಡು ಹೋದಳು. ಕೆಲವು ತಿಂಗಳ ಹಿಂದೆ ಅವರು ಬಾಡಿಗೆ ಮನೆ ಬದಲಾಯಿಸಿದ್ದರು. ಇಲ್ಲಿ ಹಾಲಿಗೂ ಅಡುಗೆಮನೆಗೂ ನಡುವೆ ಗೋಡೆಯಿಲ್ಲ, ಪಿಸುಮಾತಿಗೆ ಬಾಲ್ಕನಿಯೇ ಗತಿ.

"ಅಮ್ಮಾ, ಅಜ್ಜಿಗೆ ತುಂಬಾ ದುಃಖ ಇದೆಯಂತೆ."

"ಯಾರು ಹೇಳಿದ್ದು?"

"ಅಜ್ಜಿನೇ ಡಾಕ್ಟರ್ ಹತ್ರ ಹೇಳಿದ್ರು, ನಾನು ಅವರ ಭಾಷೆಗೆ ಹಾಕಿ ಹೇಳ್ದೆ. ಈ ಮನೆಗೆ ಬಂದ ಮೇಲೆ ಶುರು ಆಯ್ತಂತೆ. ನೀನು ಅಡುಗೆಗೆ ನಿಂತ್ರೆ ಸಾಕು, ಎದ್ದು ಎಲ್ಲಾದ್ರೂ ಹೋಗಿಬಿಡಬೇಕು ಅನ್ನಿಸತ್ತಂತೆ. ತಟ್ಟೆ ಮುಂದೆ ಬಂದ್ರೆ ಇನ್ನೂ ಜಾಸ್ತಿಯಂತೆ."

ಡಾಕ್ಟರಮ್ಮ ಮನಸ್ಸಿಗೆ ಒಂದು ಮಾತ್ರೆ ಬರೆದುಕೊಟ್ಟಿದ್ದರು. ಮನೆಯಲ್ಲಿ ಯಾರೂ ಕೆದಕಿ ಕೇಳಬೇಡಿ, ತಾನಾಗಿ ಹೇಳಿಕೊಳ್ಳಲಿ ಎಂದೂ ಹೇಳಿ ಕಳಿಸಿದ್ದರು. ಒದ್ದೆ ಬಟ್ಟೆಗೆ ಕ್ಲಿಪ್ ಹಾಕುತ್ತಿದ್ದ ಸೊಸೆ ಒಂದೇ ಅಂಗಿಗೆ ನಾಲ್ಕು ಕ್ಲಿಪ್ ಹಾಕಿಬಿಟ್ಟಳು.

ಒಳಗೆ ಬಂದರೆ ಅತ್ತೆ ಹೊಸ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. "ಡಾಕ್ಟರಮ್ಮ ಒಳ್ಳೆಯವಳು ಕಣೇ. ಸಂಕಟ ಅಂದ ತಕ್ಷಣ ಸಂಕಟಕ್ಕೆ ಮಾತ್ರೆ ಕೊಟ್ಟಳು" ಎಂದರು. ತನ್ನ ಮುಖಕ್ಕೆ ಹೊಡೆದ ಹಾಗೆ ಎಷ್ಟು ಆರಾಮವಾಗಿ ಹೇಳುತ್ತಿದ್ದಾರಲ್ಲ ಎಂದುಕೊಂಡಳು ಸೊಸೆ. ಈರುಳ್ಳಿ ಹೆಚ್ಚಲು ಕೂತಳು.

ಗಂಡ ಪಾಳಿ ಮುಗಿಸಿ ಬಂದು ವಿಷಯ ಕೇಳಿದ. ಊಟ ಮಾಡುತ್ತಾ ಒಂದೆರಡು ಸಲ ಹೆಂಡತಿಯ ಮುಖ ನೋಡಿದ. ಕೊನೆಗೆ ಕೈ ತೊಳೆಯುವಾಗ ತಗ್ಗಿದ ದನಿಯಲ್ಲಿ, "ನಿಮ್ಮಿಬ್ಬರ ಮಧ್ಯೆ ಏನಾದ್ರೂ ಆಯ್ತಾ?" ಎಂದ.

"ದಿನಾ ಆಗೋದೇ ಆಗಿದ್ದು. ಟೀವಿ, ಬಟ್ಟೆ, ಉಪ್ಪು."

"ಸ್ವಲ್ಪ ಹುಷಾರಾಗಿ ಮಾತಾಡಬಾರದಾ? ವಯಸ್ಸಾದವರು."

"ನಾನೇನು ಅವರ ತಲೆ ಮೇಲೆ ಕಲ್ಲು ಹಾಕಿದ್ನಾ? ನೀವೇ ಕೇಳಿ ನೋಡಿ, ಯಾರಿಂದ ದುಃಖ ಅಂತ."

ಕೇಳಲು ಅವನಿಗೆ ಧೈರ್ಯ ಬರಲಿಲ್ಲ, ಡಾಕ್ಟರಮ್ಮ ಬೇಡವೆಂದಿದ್ದಾರಲ್ಲ ಎಂಬ ನೆಪವೂ ಸಿಕ್ಕಿತು. ಬದಲಿಗೆ ತಂಗಿಗೆ ಫೋನು ಮಾಡಿದ. ಅದು ಇನ್ನೂ ದೊಡ್ಡ ಎಡವಟ್ಟು. ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನಲ್ಲಿದ್ದ ನಾದಿನಿ ಉಪ್ಪುಖಾರ ಹಚ್ಚುವುದರಲ್ಲಿ ನಿಸ್ಸೀಮಳು, ಹಾಗೆಂದು ಕೆಟ್ಟವಳಲ್ಲ. ಮಾರನೆಯ ದಿನವೇ ಫೋನಿನಲ್ಲಿ, "ಅತ್ತಿಗೆ, ನಿಮ್ಮನ್ನ ದೂರೋಕಲ್ಲ. ನೀವು ಕೆಲಸಕ್ಕೆ ಹೋಗೋರು, ಎಲ್ಲಿ ಪುರುಸೊತ್ತು? ಅಮ್ಮನ್ನ ನಾನೇ ಬಂದು ಕರ್ಕೊಂಡು ಹೋಗ್ತೀನಿ" ಅಂದಳು. ದೂರದೆಯೇ ದೂರುವುದು ಹೇಗೆಂದು ಅವಳಿಂದ ಕಲಿಯಬೇಕು.

ಸೊಸೆಗೆ ಹಟ ಹತ್ತಿತು. ನನ್ನ ಅಡುಗೆ ನೋಡಿದರೆ ದುಃಖವೇ, ಹಾಗಾದರೆ ಇನ್ನು ಮೇಲೆ ಯಾರೂ ಬೆರಳು ತೋರಿಸದ ಹಾಗೆ ಅಡುಗೆ ಮಾಡುತ್ತೇನೆ ಎಂದುಕೊಂಡಳು. ಬೆಳಿಗ್ಗೆ ಬೇಗ ಎದ್ದು ಈರುಳ್ಳಿ, ಬೆಳ್ಳುಳ್ಳಿ ಕೆಂಪಗೆ ಹುರಿದು ಬೇಳೆಗೆ ಹಾಕಿದಳು. ಅತ್ತೆಗೆ ಇಷ್ಟವಾದ ಸೊಪ್ಪು ತಂದಳು, ಡಾಕ್ಟರು ಬೇಡವೆಂದದ್ದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಬಾಣಲೆಗೆ ಇಳಿಸಿದಳು. ಮನೆತುಂಬ ಘಮಘಮ. ಅತ್ತೆ ತಟ್ಟೆಯ ಮುಂದೆ ಕೂತು, ಒಂದು ತುತ್ತು ಬಾಯಿಗಿಟ್ಟು, ಉಳಿದದ್ದನ್ನು ಬದಿಗೆ ಸರಿಸುತ್ತಿದ್ದರು. ಚೆನ್ನಾಗಿಲ್ಲವೇ ಎಂದರೆ, "ಚೆನ್ನಾಗಿದೆ, ಪರವಾಗಿಲ್ಲ, ನೀನು ಉಣ್ಣು" ಅನ್ನುತ್ತಿದ್ದರು. ಆ 'ಪರವಾಗಿಲ್ಲ' ಕೇಳಿದಾಗೆಲ್ಲ ಸೊಸೆಗೆ ಮೈ ಉರಿಯುತ್ತಿತ್ತು. ಮಾರನೆಯ ದಿನ ಇನ್ನೊಂದು ಹಿಡಿ ಬೆಳ್ಳುಳ್ಳಿ ಹೆಚ್ಚು ಬೀಳುತ್ತಿತ್ತು.

ಮಾತ್ರೆ ನುಂಗಿದ ಅತ್ತೆ ಹಗಲೆಲ್ಲ ಕುರ್ಚಿಯಲ್ಲಿ ತೂಕಡಿಸತೊಡಗಿದರು. ಟೀವಿಯ ಸದ್ದು ತಾನಾಗಿ ಕಡಿಮೆಯಾಯಿತು. ಸಂಜೆ ಕಾಲು ನೋಡುವ ಕೆಲಸ ನಿಂತಿರಲಿಲ್ಲ, ಆದರೆ ಇಬ್ಬರ ಬಾಯಿಗೂ ಬೀಗ ಬಿದ್ದಿತ್ತು. ಸೊಸೆ ಬೆರಳ ಸಂದಿ ನೋಡುವಳು, ಮುಲಾಮು ಹಚ್ಚುವಳು, ಎದ್ದು ಹೋಗುವಳು. ಒಮ್ಮೆ ಅತ್ತೆ ತಾವಾಗಿಯೇ, ಬಟ್ಟೆ ಇನ್ನೂ ಒದ್ದೆಯಿದೆ ಎಂದು ತೆಗೆದರು. ಸೊಸೆ, "ಸರಿ, ಆಮೇಲೆ ಮಡಿಸ್ತೀನಿ" ಎಂದು ಒಪ್ಪಿಕೊಂಡುಬಿಟ್ಟಳು. ಅತ್ತೆ ಅವಳನ್ನೇ ನೋಡಿದರು. ಕಾಲು ತೆಳ್ಳಗಾಗಿದೆ ಎಂಬುದು ಸೊಸೆಯ ಕೈಗೆ ತಿಳಿಯುತ್ತಿತ್ತು. ಕೋಪ ಎಷ್ಟೇ ಇದ್ದರೂ ಅದು ಅವಳಿಗೆ ಭಯ ತರುತ್ತಿತ್ತು.

ಹೀಗೇ ಕೆಲವು ವಾರ ಕಳೆದ ಮೇಲೆ, ನಾದಿನಿ ಭಾನುವಾರ ಬರುವುದೆಂದು ನಿಶ್ಚಯವಾಯಿತು. ಶನಿವಾರ ಸಂಜೆ ಸೊಸೆ ಅತ್ತೆಯ ಬಟ್ಟೆಗಳನ್ನು ಪೆಟ್ಟಿಗೆಗೆ ಜೋಡಿಸುತ್ತಿದ್ದಳು. ಮಗಳ ಮನೆಗೆ ನಾಲ್ಕು ದಿನ ಹೋಗಿ ಬರುವುದು ಎಂದಷ್ಟೇ ಅತ್ತೆಗೆ ಹೇಳಿದ್ದರು. ಸೊಸೆ ಚಳಿಯ ಬಟ್ಟೆಯನ್ನೂ ಇಡುತ್ತಿರುವುದನ್ನು ಕಂಡು ಅವರು, "ನಾಲ್ಕು ದಿನಕ್ಕೆ ಇಷ್ಟೊಂದು ಯಾಕೇ?" ಅಂದರು.

ಅಷ್ಟು ದಿನ ಹಿಡಿದಿಟ್ಟದ್ದು ಸೊಸೆಯ ಬಾಯಿಂದ ಹೊರಬಿತ್ತು. "ಅತ್ತೆ, ನೀವು ಹೋಗೋ ಮುಂಚೆ ಒಂದು ಹೇಳಿ ಹೋಗಿ. ನನ್ನಿಂದ ಏನು ಸಂಕಟ ಆಯ್ತು ನಿಮಗೆ?"

"ನಿನ್ನಿಂದ ಯಾಕಾಗತ್ತೆ? ಆ ಈರುಳ್ಳಿಯಿಂದ."

"ಈರುಳ್ಳಿಯಿಂದಾನಾ?"

"ಈರುಳ್ಳಿ, ಬೆಳ್ಳುಳ್ಳಿ, ಆ ಎಣ್ಣೆ. ಈ ಮನೇಲಿ ಗೋಡೆ ಬೇರೆ ಇಲ್ಲ, ಒಲೆ ಹಚ್ಚಿದ್ರೆ ಸೀದಾ ಮೂಗಿಗೆ. ಹೊಟ್ಟೆ ತೊಳಸಿ ಬಾಯಿಗೆ ಬಂದ ಹಾಗಾಗತ್ತೆ. ಎರಡು ಸಲ ಬಾತ್ರೂಮಿಗೆ ಹೋಗಿ ವಾಂತಿನೂ ಮಾಡ್ದೆ. ಪಾಪ, ದಣಿದು ಬಂದು ಅಷ್ಟು ಮಾಡ್ತೀಯ, ಹೇಗೆ ಬೇಡ ಅನ್ನಲಿ ಅಂತ ಸುಮ್ಮನಿದ್ದೆ. ಡಾಕ್ಟರಮ್ಮನಿಗೆ ಎಲ್ಲಾ ಹೇಳಿದ್ದೀನಲ್ಲ, ನಿನಗೆ ಗಿಣಿ ಹೇಳಲಿಲ್ವಾ?"

ಗಿಣಿ ಮೇಜಿನ ಹತ್ತಿರ ಪುಸ್ತಕ ತೆರೆದು ಕೂತಿದ್ದಳು. ಅವಳ ಮುಖ ಸುಣ್ಣವಾಗಿತ್ತು. "ಸಂಕಟ ಅಂದ್ರೆ ದುಃಖ ಅಲ್ವಾ?" ಎಂದಳು ಸಣ್ಣ ದನಿಯಲ್ಲಿ. "ಅಪ್ಪ ಕಥೆ ಹೇಳುವಾಗ ಹಾಗೇ ಹೇಳ್ತಿದ್ರಲ್ಲ. ರಾಜಕುಮಾರಿಗೆ ತುಂಬಾ ಸಂಕಟ ಆಯ್ತು, ಅಳ್ತಾ ಕೂತಳು ಅಂತ."

ರಾಜಕುಮಾರಿಗೆ ಹೊಟ್ಟೆ ತೊಳಸಿದ ಕಥೆಯನ್ನು ಯಾರೂ ಹೇಳಿರಲಿಲ್ಲ, ಅದು ಹುಡುಗಿಯ ತಪ್ಪೂ ಅಲ್ಲ. ಸೊಸೆಗೆ ಮೊದಲು ನಗು ಬಂತು, ಅದರ ಹಿಂದೆಯೇ ನಾಚಿಕೆ. ಹಬೆಯಾಡುವ ತಟ್ಟೆಯನ್ನು ದಿನವೂ ಹಟಕ್ಕೆ ಅವರ ಮುಂದೆ ಇಟ್ಟವಳು ತಾನು. ಕನ್ನಡ ಬಲ್ಲವಳಾಗಿ, ಯಾವ ಸಂಕಟ ಎಂದು ಒಂದು ಮಾತು ಕೇಳಬಹುದಿತ್ತು. ಒಲೆಯ ಮೇಲಿದ್ದ ಬಾಣಲೆಯನ್ನು ಕೆಳಗಿಳಿಸಿ, ಕಿಟಕಿಗಳನ್ನೆಲ್ಲ ತೆರೆದಳು.

ನಾದಿನಿಗೆ ಸದ್ಯಕ್ಕೆ ಬರುವುದು ಬೇಡವೆಂದು ಗಂಡ ಫೋನು ಮಾಡಿದ. ಸೋಮವಾರ ಸೊಸೆ ಅಂಗಡಿಗೆ ರಜೆ ಹಾಕಿ ತಾನೇ ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದಳು. ಗಿಣಿ ಬರಲು ಒಪ್ಪಲಿಲ್ಲ. ಇನ್ನು ಅಜ್ಜಿಯ ವಿಷಯದಲ್ಲಿ ಬಾಯಿ ಬಿಡುವುದಿಲ್ಲ ಎಂದು ಅಳುತ್ತಾ ಶಾಲೆಗೆ ಹೋದಳು.

ಸೊಸೆ ಡಾಕ್ಟರಮ್ಮನ ಎದುರು ಕೂತಳು. ಅವಳಿಗೆ ಬರುತ್ತಿದ್ದಷ್ಟು ಭಾಷೆಯಲ್ಲಿ ಹೊಟ್ಟೆ ಎಂಬ ಪದವೇ ಇರಲಿಲ್ಲ, ಸೊಂಟದ ಸುತ್ತಳತೆ ಇತ್ತು. ಅದನ್ನೇ ಹೇಳಿ ಅತ್ತೆಯ ಹೊಟ್ಟೆಯ ಮೇಲೆ ಕೈಯಿಟ್ಟಳು. "ಇಲ್ಲಿ ಬಿಗಿ" ಎಂದಳು. ಡಾಕ್ಟರಮ್ಮ ಅತ್ತೆಯ ಲಂಗದ ದಾರದ ಕಡೆ ನೋಡಿದರು. ಅದಲ್ಲವೆಂದು ತಲೆಯಾಡಿಸಿ, ತುತ್ತನ್ನು ಬಾಯಿಗಿಡುವಂತೆ ತೋರಿಸಿ, ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವ ಮಾತನ್ನು ತಿರುಗಿಸಿ, "ಊಟ ವಾಪಸ್. ದಿನಾ ವಾಪಸ್" ಎಂದಳು. ಆಮೇಲೆ ಮಾತ್ರೆಯ ಡಬ್ಬಿ ತೋರಿಸಿ, ಎದೆ ಮುಟ್ಟಿಕೊಂಡು, ಅಳುವ ಮುಖ ಮಾಡಿ, "ಇದು ಅಲ್ಲ, ನಮ್ಮ ತಪ್ಪು" ಎಂದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಫೋನಿನಲ್ಲಿ ಒಬ್ಬರು ಭಾಷೆ ಬದಲಾಯಿಸಿ ಹೇಳುವ ಏರ್ಪಾಟು ಆಸ್ಪತ್ರೆಯಲ್ಲಿತ್ತು. ಕೇಳಿದರೆ ಕೊಡುತ್ತಾರೆಂದು ಇವರಿಗೆ ಗೊತ್ತಿರಲಿಲ್ಲ. ಮೊಮ್ಮಗಳು ಅರಳು ಹುರಿದಂತೆ ಮಾತಾಡುತ್ತಿದ್ದುದರಿಂದ ಡಾಕ್ಟರಮ್ಮನೂ ಆ ಮಾತೆತ್ತಿರಲಿಲ್ಲ. ಈಗ ಫೋನಿನಿಂದ ಗಂಭೀರವಾದ ಗಂಡಸಿನ ದನಿ ಬಂತು: "ತಮಗೆ ವಾಕರಿಕೆಯ ಅನುಭವ ಉಂಟಾಗುತ್ತಿದೆಯೇ?"

ಅತ್ತೆ ಸೊಸೆಯ ಕಡೆ ತಿರುಗಿ, "ಇವನ್ಯಾರೇ, ವಾರ್ತೆ ಓದೋನ ಹಾಗಿದ್ದಾನೆ?" ಅಂದರು. ಅದನ್ನೂ ಅವನು ನಿಷ್ಠೆಯಿಂದ ಆ ಭಾಷೆಗೆ ಹಾಕಿ ಹೇಳಿರಬೇಕು, ಡಾಕ್ಟರಮ್ಮ ನಕ್ಕರು. ಆಮೇಲೆ ನಗಲಿಲ್ಲ. ಎಂದಿನಿಂದ, ಎಷ್ಟು ಸಲ, ಮೈ ತುರಿಸುತ್ತದೆಯೇ, ಬಾಯಿ ಕಹಿಯೇ ಎಂದು ಒಂದೊಂದಾಗಿ ಕೇಳಿದರು. ತಾನೂ ಇನ್ನೊಂದು ಸಲ ಕೇಳಬೇಕಿತ್ತು ಎಂದು ಫೋನಿನವನ ಬಾಯಲ್ಲಿ ಹೇಳಿಸಿದರು. ಮನಸ್ಸಿನ ಮಾತ್ರೆ ನಿಲ್ಲಿಸಿ, ರಕ್ತ ತೆಗೆಸಿದರು.

ಎರಡು ದಿನ ಬಿಟ್ಟು ಡಾಕ್ಟರಮ್ಮ ಗಂಡನನ್ನು ಫೋನಿನಲ್ಲಿ ಹಿಡಿದು ವಿಷಯ ತಿಳಿಸಿದರು. ಕಿಡ್ನಿಗಳು ಬಹುಮಟ್ಟಿಗೆ ಕೈಚೆಲ್ಲಿದ್ದವು. ಹೊರಗೆ ಹೋಗಬೇಕಾದ ಕೊಳೆ ರಕ್ತದಲ್ಲೇ ಉಳಿದು ಆ ಸಂಕಟ ತರುತ್ತಿತ್ತು. ಬೇಗ ತಿಳಿದಿದ್ದರೆ ಒಳ್ಳೆಯದಿತ್ತು, ಈಗಲೂ ಕಾಲ ಮಿಂಚಿಲ್ಲ. ಹೊಟ್ಟೆಗೆ ಒಂದು ಸಣ್ಣ ಕೊಳವೆ ಇಟ್ಟು, ಮನೆಯಲ್ಲೇ ದಿನಕ್ಕೆ ಕೆಲವು ಸಲ ಚೀಲದ ದ್ರವವನ್ನು ಒಳಗೆ ಬಿಟ್ಟು, ಹೊರಗೆ ತೆಗೆಯುವ ಡಯಾಲಿಸಿಸ್ ಇವರಿಗೆ ಹೊಂದುತ್ತದೆ. ಅದನ್ನು ಮಾಡಲು ಮನೆಯ ಒಬ್ಬರಿಗೆ ಕಲಿಸುತ್ತಾರೆ. ಕೈ ಶುದ್ಧವಾಗಿರಬೇಕು, ಕೆಲಸ ನಿಧಾನವಾಗಿರಬೇಕು, ದಿನ ತಪ್ಪಬಾರದು.

ಸುದ್ದಿ ಕೇಳಿ ನಾದಿನಿ ಕೂತಲ್ಲಿಂದ ಎದ್ದು ಬಂದುಬಿಟ್ಟಳು. ಈ ಸಲ ಅವಳ ಮಾತಿನಲ್ಲಿ ಉಪ್ಪೂ ಇರಲಿಲ್ಲ, ಖಾರವೂ ಇರಲಿಲ್ಲ, ಅದಕ್ಕೇ ಸೊಸೆಗೆ ಹೆಚ್ಚು ನಾಟಿತು. ನಾದಿನಿ ಕೆಲಸಕ್ಕೆ ಹೋಗುವವಳಲ್ಲ, ಭಾಷೆ ಬಲ್ಲವಳು, ಮನೆಯಲ್ಲಿ ಒಂದು ಕೋಣೆ ಖಾಲಿಯಿದೆ. ಇಲ್ಲಿ ಒಂದು ಪದಕ್ಕೆ ಎಷ್ಟು ವಾರ ಹೋಯಿತು, ನಾಳೆ ಇನ್ನೊಂದು ಪದಕ್ಕೆ ಜೀವವೇ ಹೋದರೆ ಎಂದಳು. ಅತ್ತೆ ಹೋಗುತ್ತಾರೆ ಎಂದು ಸೊಸೆಗೆ ಖಚಿತವಾಯಿತು, ಹೋಗಬಾರದು ಎಂದು ಎಷ್ಟು ಆಸೆಯಿದೆಯೆಂಬುದೂ ಆಗಲೇ ತಿಳಿಯಿತು.

ಗಂಡನ ಚಿಂತೆ ಬೇರೆ. "ಅಮ್ಮನಿಗೆ ಕಿಡ್ನಿ ಹೋಗಿದೆ ಅಂತೆಲ್ಲ ಹೇಳೋದು ಬೇಡ" ಎಂದ. "ಎದೆ ಒಡ್ಕೊಂಡುಬಿಡ್ತಾಳೆ. ಹೊಟ್ಟೆಗೆ ಸಣ್ಣ ಆಪರೇಷನ್ ಅನ್ನೋಣ. ಗಿಣಿ, ಡಾಕ್ಟರ್ ಏನೇ ಹೇಳಲಿ, ನೀನು ಅಷ್ಟೇ ಹೇಳು."

"ಹಾಗಾದ್ರೆ ನಾನು ಬರಲ್ಲ" ಎಂದಳು ಗಿಣಿ. "ಹೋದ ಸಲ ಗೊತ್ತಿಲ್ಲದೆ ತಪ್ಪು ಹೇಳ್ದೆ. ಈಗ ಗೊತ್ತಿದ್ದೂ ತಪ್ಪು ಹೇಳು ಅಂತೀಯಾ ಅಪ್ಪ?"

ಹಾಲಿನ ಕುರ್ಚಿಯಿಂದ ಅತ್ತೆಯ ದನಿ ಬಂತು. "ಗೋಡೆ ಇಲ್ಲದ ಮನೇಲಿ ನಿಂತು ಗುಟ್ಟು ಮಾಡ್ತಿದ್ದೀರಲ್ಲ, ನಿಮಗೆ ಬುದ್ಧಿ ಯಾವಾಗ ಬರೋದು? ಬನ್ನಿ ಇಲ್ಲಿ. ಏನಾಗಿದೆ ಅಂತ ಸರಿಯಾಗಿ ಹೇಳಿ."

ಹೇಳಿದವಳು ಗಿಣಿಯೇ. ಅಜ್ಜಿಯ ಪಕ್ಕ ಕೂತು, ಒಂದೊಂದು ಮಾತಿಗೂ "ಇದು ಅರ್ಥ ಆಯ್ತಾ? ನಿನ್ನ ಮಾತಲ್ಲಿ ವಾಪಸ್ ಹೇಳು" ಎಂದು ಹೇಳಿಸಿಕೊಂಡೇ ಮುಂದೆ ಹೋದಳು. ಅತ್ತೆ ಎದೆ ಒಡೆದುಕೊಳ್ಳಲಿಲ್ಲ. ಕೊಳವೆ ಇಟ್ಟ ಮೇಲೆ ಸ್ನಾನ ಹೇಗೆ ಮಾಡುವುದು ಎಂದು ಕೇಳಿದರು. ಆಸ್ಪತ್ರೆಗೆ ಆ ವಾರ್ತೆಯವನು ಬೇಡ, ಇವಳೇ ಬರಲಿ ಎಂದೂ ಹೇಳಿದರು.

ಹಾಗಾಗಿ ಆ ವಾರದ ಕೊನೆಗೆ ಡಾಕ್ಟರಮ್ಮನ ಕೋಣೆಯಲ್ಲಿ ಎಲ್ಲರೂ ತುಂಬಿಕೊಂಡಿದ್ದರು. ಇದ್ದ ಕುರ್ಚಿಗಳಲ್ಲಿ ಅತ್ತೆ, ನಾದಿನಿ, ಗಿಣಿ. ಗಂಡ ಕಿಟಕಿಯ ಹತ್ತಿರ, ಸೊಸೆ ಬಾಗಿಲಿಗೆ ಒರಗಿಕೊಂಡು. ಡಾಕ್ಟರಮ್ಮ ಚೀಲ, ಕೊಳವೆಗಳನ್ನು ಮೇಜಿನ ಮೇಲಿಟ್ಟು ತೋರಿಸಿದರು. ಕಲಿಯುವವರು ಯಾರು, ಯಾರ ಹೆಸರು ಬರೆದುಕೊಳ್ಳಲಿ ಎಂದು ಕೇಳಿದರು. ಗಿಣಿ ಅಜ್ಜಿಗೆ ಹೇಳುವ ಮೊದಲೇ ನಾದಿನಿ ಆ ಭಾಷೆಯಲ್ಲಿ ಚುಟುಕಾಗಿ ಉತ್ತರ ಕೊಟ್ಟಳು.

"ಏನಂದಳು ಅವಳು?" ಎಂದರು ಅತ್ತೆ.

"ನಾನು ಕಲಿತೀನಿ, ಅಮ್ಮ ನನ್ನ ಮನೇಲಿ ಇರ್ತಾಳೆ ಅಂದ್ರು."

ಅತ್ತೆ ಮಗಳ ಕೈ ಹಿಡಿದುಕೊಂಡರು. "ನೀನು ಬೇಜಾರು ಮಾಡ್ಕೋಬೇಡ. ನಿನ್ನ ಮನೇಲಿ ನಾನು ನೆಂಟಳ ಹಾಗೆ ಇರಬೇಕು. ಉಪ್ಪು ಕಡಿಮೆ ಅಂದ್ರೆ ನಿನಗೆ ಕಣ್ಣಲ್ಲಿ ನೀರು ಬರತ್ತೆ. ಇವಳ ಹತ್ರ ಆದ್ರೆ ಜಗಳ ಆಡ್ಕೊಂಡಾದ್ರೂ ಇರಬಹುದು." ನಾದಿನಿಯ ಮುಖ ಸಪ್ಪಗಾಯಿತು, ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

ಸೊಸೆ ಬಾಗಿಲಿನ ಬಳಿಯೇ ನಿಂತು, "ಅತ್ತೆ, ನನಗೆ ಇವರ ಭಾಷೆ ಬರಲ್ಲ" ಎಂದಳು.

"ನನ್ನ ಭಾಷೆ ಬರತ್ತಲ್ಲ. ಕಾಯಿಲೆ ನಂದು" ಎಂದರು ಅತ್ತೆ. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಇವಳ ಹೆಸರು ಬರ್ಕೊಳ್ಳೋಕೆ ಹೇಳು. ನನ್ನ ಮಗಳು ಅಂತ ಹೇಳು" ಎಂದರು.

ಗಿಣಿ ಡಾಕ್ಟರಮ್ಮನಿಗೆ ಹೇಳಿದಳು. ಹೇಳಿದ್ದು ಉದ್ದವಾಯಿತು, ನಡುವೆ ಅಪ್ಪನ ಕಡೆಗೊಮ್ಮೆ ಅಮ್ಮನ ಕಡೆಗೊಮ್ಮೆ ಬೆರಳು ತೋರಿಸಿದಳು. ಅತ್ತೆಯ ಹುಬ್ಬು ಗಂಟಾಯಿತು. "ನಾನು ಹೇಳಿದ್ದು ಒಂದು ಮಾತು. ನೀನು ಅಷ್ಟುದ್ದ ಏನು ಹೇಳ್ದೆ?"

"ಮಗಳಲ್ಲ, ಸೊಸೆ ಅಂತ ಸರಿ ಮಾಡಿ ಹೇಳ್ದೆ ಅಜ್ಜಿ. ಮತ್ತೆ ತಪ್ಪಾಗಬಾರದಲ್ಲ."

"ಸರಿ ಮಾಡು ಅಂತ ನಿನಗ್ಯಾರು ಹೇಳಿದ್ರು? ನಾನು ಹೇಳಿದ್ದನ್ನ ಹೇಳು."

ಗಿಣಿ ಅಜ್ಜಿಯ ಮುಖ ನೋಡಿದಳು. ಡಾಕ್ಟರಮ್ಮನ ಕಡೆ ತಿರುಗಿ, ಈ ಸಲ ಒಂದೇ ಮಾತು ಹೇಳಿದಳು. ಡಾಕ್ಟರಮ್ಮ ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು. ಸೊಸೆಗೆ ತಡೆಯಲಾಗಲಿಲ್ಲ. ಅಷ್ಟು ವಾರ ಒಂದು ಹನಿ ಕಣ್ಣೀರು ಹಾಕದವಳು ಎಲ್ಲರೆದುರೇ, ಬಾಗಿಲಿಗೆ ಒರಗಿಕೊಂಡೇ ಅತ್ತುಬಿಟ್ಟಳು. ಡಾಕ್ಟರಮ್ಮ ಗಾಬರಿಯಾಗಿ ಗಿಣಿಯನ್ನು ಏನೋ ಕೇಳಿದರು. ಗಿಣಿ ಉತ್ತರ ಕೊಡಲು ಬಾಯಿ ತೆರೆದು, ತಡೆದು, ತಾಯಿಯ ಕಡೆ ತಿರುಗಿದಳು.

"ಅಮ್ಮಾ, ನಿನಗೆ ಏನಾಗ್ತಿದೆ ಅಂತ ಕೇಳ್ತಿದ್ದಾರೆ. ಏನಂತ ಹೇಳಲಿ?"

ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಸಂತೋಷ ಅಂತ ಹೇಳು" ಎಂದಳು.

ಹುಡುಗಿ ಹಾಗೆಯೇ ಹೇಳಿದಳು.